ಕೊನೆಯ ಕೋಣೆಯ ಒಕ್ಕಲು

ತಮ್ಮನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅವನು ಬಚ್ಚಲ ನೀರು ಹರಿಯುವ ಕಡೆ ಒಂದು ತೆಂಗಿನ ಸಸಿ ನೆಟ್ಟಿದ್ದ. ಯಾಕೆ ನೆಟ್ಟೆ ಎಂದು ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳದೆ ಕಿತ್ತು ಹಾಕಿದೆ. ಆಮೇಲೆ ಅವನೇ ಬಂದು ಕೇಳಿದಾಗ ದನ ತಿಂದಿತು ಎಂದೆ. ನನ್ನ ಬದುಕಿನಲ್ಲಿ ಬೇರೆ ತಪ್ಪುಗಳೂ ಇವೆ. ಆದರೆ ನೆನಪಾದಾಗ ಕೈಯಲ್ಲಿದ್ದ ಕೆಲಸ ನಿಂತುಹೋಗುವುದು ಇದೊಂದಕ್ಕೇ.

ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ. ಬರೆಯುವುದು ನಿಧಾನ. ನಮ್ಮ ಮನೆಯ ಮಾತು ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡವಾದ್ದರಿಂದ ಬರೆಯಲು ಅದೇ ಬರುತ್ತದೆ.

ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆ. ದೊಡ್ಡದಲ್ಲ. ಒಂದು ಚಾವಡಿ, ಒಂದು ಒಳಕೋಣೆ, ಅಡುಗೆಮನೆ, ಹಿಂದೆ ಬಾವಿ, ಬಾವಿಯಿಂದಾಚೆಗೆ ದನ ಕಟ್ಟುವ ಹಟ್ಟಿ. ನಮ್ಮಲ್ಲಿ ಮನೆ ಹೋಗುವುದು ಹೆಣ್ಣಿನ ಕಡೆಗೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂತು. ಮನೆಯ ಗಂಡುಮಕ್ಕಳು ಎಲ್ಲಿಗೆ ಹೋದರೂ, ಯಾವಾಗ ತಿರುಗಿ ಬಂದರೂ, ಅವರಿಗೆ ಅಲ್ಲಿ ಒಂದು ಚಾಪೆ ಮತ್ತು ಒಂದು ಬಟ್ಟಲು ಗಂಜಿ ಇರಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ತಮ್ಮ ಚಿಕ್ಕಂದಿನಲ್ಲೇ ಮುಂಬಯಿಯ ಹೋಟೆಲು ಕೆಲಸಕ್ಕೆ ಹೋದ. ಅಮ್ಮ ತೀರಿಕೊಂಡರು. ನನ್ನ ಗಂಡ ಹಂಚಿನ ಕಾರ್ಖಾನೆಯಲ್ಲಿ ಆವಿಗೆಯ ಕೆಲಸಕ್ಕಿದ್ದರು. ಒಂದು ಮಳೆಗಾಲ ಜ್ವರ ಬಂದು ಅವರೂ ಹೋದರು. ಮಕ್ಕಳಿಲ್ಲ. ನಾನು ಮತ್ತು ಒಂದು ದನ ಉಳಿದೆವು. ಬೀಡಿ ಕಟ್ಟುತ್ತಿದ್ದೆ, ಹಾಲು ಮಾರುತ್ತಿದ್ದೆ. ಆಮೇಲೆ ಆ ದನವೂ ಮುದಿಯಾಗಿ ಸತ್ತಿತು. ಸಂಜೆ ಹೊತ್ತು ಯಾರಿಗಾದರೂ ಏನಾದರೂ ಹೇಳಬೇಕೆಂದರೆ ಹಟ್ಟಿಯ ಕಡೆ ಹೋಗುವ ಅಭ್ಯಾಸವಾಗಿತ್ತು. ಅದು ಸತ್ತ ಮೇಲೂ ಕೆಲವು ದಿನ ಹಾಗೆಯೇ ಹೋಗಿ, ಬರಿಯ ಗೂಟ ನೋಡಿ ತಿರುಗಿ ಬರುತ್ತಿದ್ದೆ.

ನಮ್ಮ ಪಕ್ಕದ ಹಿತ್ತಿಲಲ್ಲಿ ಕೋರ್ಟಿನ ಹೊರಗೆ ಕೂತು ಅರ್ಜಿ ಬರೆಯುವ ಒಬ್ಬ ಮುದುಕರಿದ್ದರು. ಊರೆಲ್ಲ ಅವರನ್ನು ಅರ್ಜಿಯವರು ಎಂದೇ ಕರೆಯುತ್ತಿತ್ತು. ಬಾಡಿಗೆಯ ಯೋಚನೆ ನನ್ನ ತಲೆಗೆ ಹಾಕಿದವರು ಅವರು. "ಹಟ್ಟಿಯಲ್ಲಿ ದನ ಕಟ್ಟಿದರೆ ನೀನು ಹುಲ್ಲು ಹಾಕ್ಬೇಕು. ಮನುಷ್ಯರನ್ನು ಇಟ್ಟರೆ ಅವರೇ ನಿನಗೆ ಹಾಕ್ತಾರೆ ಮಾರಾಯ್ತಿ" ಎಂದರು. ನಾನು ನಕ್ಕೆ. ಆದರೆ ಮರುದಿನವೇ ಗೋದಲಿ ಕಿತ್ತು, ನೆಲಕ್ಕೆ ಮಣ್ಣು ತುಂಬಿ ಎತ್ತರಿಸಿ, ಗೋಡೆಗೆ ಎರಡು ಸಲ ಸುಣ್ಣ ಬಳಿದೆ. ಮೇಲಿನ ತೆಂಗಿನ ಮಡಲು ತೆಗೆದು ಹಂಚು ಹೊದೆಸಿದೆ. ಗಂಡನ ಪರಿಚಯದಲ್ಲಿ ಕಾರ್ಖಾನೆಯಿಂದ ಓರೆಯಾಗಿ ಬೆಂದ ಹಂಚು ಕಡಿಮೆಗೆ ಸಿಕ್ಕಿತು. ಮಂಗಳೂರು ಆಗಿನ್ನೂ ಮದ್ರಾಸಿಗೆ ಸೇರಿದ್ದ ಕಾಲ.

ಮೊದಲ ಒಕ್ಕಲಾಗಿ ಬಂದವರು ಇಗರ್ಜಿಯ ಶಾಲೆಯ ಒಬ್ಬ ಟೀಚರು. ಕೊಂಕಣಿ ಮಾತಿನವರು, ಮದುವೆಯಾಗದವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೊದಲ ಮಳೆ ಬಿದ್ದ ದಿನ ನೆಲದೊಳಗಿಂದ ಗಂಜಲದ ವಾಸನೆ ಎದ್ದಿತು. ನಾನು ಹೆದರಿ ಓಡಿಹೋಗಿ, ಬೇಕಾದರೆ ಇನ್ನೊಮ್ಮೆ ಸೆಗಣಿ ಸಾರಿಸಿಕೊಡುತ್ತೇನೆ ಎಂದೆ. ಅವರು ಗೋಡೆಗೆ ಶಿಲುಬೆ ನೇತುಹಾಕುತ್ತಿದ್ದರು. ತಿರುಗಿ ನೋಡದೆ, "ನಮ್ಮ ದೇವರು ಹುಟ್ಟಿದ್ದೇ ಹಟ್ಟಿಯಲ್ಲಿ. ನನಗೆಂತ ಆಗ್ಬೇಕು?" ಎಂದರು. ಅವರು ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಇದ್ದರು.

ಒಂದು ಕೋಣೆಯಿಂದ ಬರುವ ಬಾಡಿಗೆ ರುಚಿ ಹತ್ತಿತು. ಎರಡು ವರ್ಷ ಕಳೆದು ಅದೇ ಸಾಲಿನಲ್ಲಿ ಇನ್ನೆರಡು ಕೋಣೆ ಕಟ್ಟಿಸಿದೆ. ಮುರಕಲ್ಲಿನ ಗೋಡೆ, ಎದುರಿಗೆ ಒಂದು ಉದ್ದ ಜಗಲಿ, ಪ್ರತಿ ಕೋಣೆಗೂ ಒಂದೊಂದು ಒಲೆ. ಮೂರನೆಯ ಕೋಣೆಯ ಗೋಡೆ ಬರಬೇಕಾದ ಜಾಗದಲ್ಲಿ ಅಮ್ಮ ನೆಟ್ಟ ತೆಂಗಿನ ಮರವಿತ್ತು. ಹಿತ್ತಿಲಿಗೆ ಅದೊಂದೇ ತೆಂಗು. ಗೋಡೆಯನ್ನು ಸ್ವಲ್ಪ ಓರೆ ಮಾಡಿದರೆ ಮರ ಉಳಿಯುತ್ತದೆ ಎಂದು ಮೇಸ್ತ್ರಿ ಹೇಳಿದ. ಓರೆ ಮಾಡಿದರೆ ಕೋಣೆ ಇಕ್ಕಟ್ಟಾಗುತ್ತದೆ, ಇಕ್ಕಟ್ಟಾದರೆ ಸಂಸಾರವಂದಿಗರು ಬರುವುದಿಲ್ಲ ಎಂದು ನನ್ನ ಲೆಕ್ಕ. ಕಡಿಸಿದೆ. ಕಾಂಡವನ್ನು ಸೀಳಿಸಿ ಅದೇ ಕೋಣೆಯ ಮಾಡಿಗೆ, ಹಂಚು ಹೊರುವ ಪಕ್ಕಾಸು ಮಾಡಿಸಿದೆ. ವ್ಯರ್ಥ ಮಾಡಲಿಲ್ಲ ಎಂದು ನನಗೇ ಸಮಾಧಾನ ಹೇಳಿಕೊಂಡೆ. ಅಂದಿನಿಂದ ಅಂಗಡಿಯಿಂದ ತೆಂಗಿನಕಾಯಿ ತರುವುದು ಶುರುವಾಯಿತು. ಒಬ್ಬಳಿಗೆ ಇಡೀ ಕಾಯಿ ಯಾಕೆ ಎಂದು ಅರ್ಧ ಹೋಳು ತರುತ್ತಿದ್ದೆ.

ಬಾಡಿಗೆಗೆ ಕೊಡುವುದು ಸುಲಭವೆಂದು ಹೊರಗಿನವರಿಗೆ ಕಾಣುತ್ತದೆ. ಅದೂ ಒಂದು ಕಸುಬು, ಅದನ್ನೂ ಕಲಿಯಬೇಕು. ಕೋಣೆ ನೋಡಲು ಬಂದವರಿಗೆ ನಾನು ಮೊದಲು ಒಂದು ಕೊಡ ನೀರು ಸೇದಿಕೊಳ್ಳಲು ಹೇಳುತ್ತಿದ್ದೆ. ಹಗ್ಗವನ್ನು ಸುತ್ತಿಟ್ಟು ಹೋಗುವವರು ಕೋಣೆಯನ್ನೂ ಚೆನ್ನಾಗಿ ಇಡುತ್ತಾರೆ. ಎಸೆದು ಹೋಗುವವರು ಬಾಗಿಲಿನ ಚಿಲಕವನ್ನೂ ಮುರಿಯುತ್ತಾರೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು. ಗಂಡ ಹೆಂಡತಿ ಜಗಳವಾದರೆ ಕೇಳಿಸದವಳ ಹಾಗೆ ಇರಬೇಕು. ಬಾಡಿಗೆ ತಡವಾದರೆ ಅವರ ಬಾಗಿಲಿಗೆ ಹೋಗಿ ಕೇಳಬಾರದು, ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಲ್ಲಬೇಕು. ಅವರಿಗೇ ನೆನಪಾಗುತ್ತದೆ.

ಆದರೆ ಹಾಗೆ ನಿಂತು ನಿಂತು ಇನ್ನೊಂದು ವಿಷಯ ಗೊತ್ತಾಯಿತು. ನಾನು ಬಂದ ಕೂಡಲೇ ಬಾವಿಕಟ್ಟೆಯ ಮಾತು ನಿಲ್ಲುತ್ತಿತ್ತು. ಮೊದಲು ನಾನೂ ಅಲ್ಲಿ ನೆರೆಯ ಹೆಂಗಸರ ಜತೆ ನಗುತ್ತಿದ್ದವಳು. ಈಗ ಒಕ್ಕಲಿನ ಹೆಂಗಸರು ಕೊಡ ಎತ್ತಿಕೊಂಡು, "ಮನೆಯವರು ಬಂದ್ರು" ಎಂದು ದಾರಿ ಬಿಡುತ್ತಿದ್ದರು. ಅಕ್ಕ ಎನ್ನುತ್ತಿದ್ದವರು ಯಾವಾಗ ಮನೆಯವರು ಎನ್ನತೊಡಗಿದರೋ ನನಗೆ ತಿಳಿಯಲೇ ಇಲ್ಲ. ಹಿತ್ತಿಲ ತುಂಬ ಜನ, ಮೂರು ಒಲೆಯ ಹೊಗೆ, ಮಕ್ಕಳ ಗಲಾಟೆ. ಅದರ ಮಧ್ಯೆ ನಾನು ಚಾವಡಿಯಲ್ಲಿ ಕೂತು ಬೀಡಿ ಸುರುಟುತ್ತಿದ್ದೆ. ದನ ಇದ್ದಾಗಲೇ ವಾಸಿ ಎಂದು ಎಷ್ಟೋ ಸಲ ಅನಿಸಿದ್ದುಂಟು.

ಅರ್ಜಿಯವರು ನನಗೆ ಮೂರು ಪಾಠ ಹೇಳಿಕೊಟ್ಟಿದ್ದರು. ಚೀಟಿ ಬರೆಸಿಕೊಳ್ಳದೆ ಕೀಲಿಕೈ ಕೊಡಬೇಡ. ಚೀಟಿಯಲ್ಲಿ, ಬಿಡುವ ಮೊದಲು ಒಂದು ತಿಂಗಳ ನೋಟೀಸು ಕೊಡುತ್ತೇನೆ, ಸುಣ್ಣ ಬಳಿದು ಹೋಗುತ್ತೇನೆ ಎಂದು ಇರಲಿ. ಮೂರನೆಯದು, ಒಕ್ಕಲಿಗೆ ಮರ ನೆಡಲು ಬಿಡಬೇಡ. "ಬಸಳೆ ನೆಡಲಿ, ಬೆಂಡೆ ನೆಡಲಿ. ತೆಂಗು ನೆಟ್ಟರೆ ನಿನ್ನ ಕತೆ ಮುಗೀತು" ಎಂದಿದ್ದರು. ನಮ್ಮ ಜಿಲ್ಲೆಯಲ್ಲಿ ಒಕ್ಕಲು ನೆಟ್ಟ ಮರಕ್ಕೆ ಬೆಲೆ ಕೊಡದೆ ಅವನನ್ನು ಎಬ್ಬಿಸಲಾಗದು, ಮರದ ಹಿಂದೆ ನೆಲವೂ ಹೋಗುತ್ತದೆ, ಇಂಥ ಎಷ್ಟೋ ದಾವೆ ನಾನೇ ಬರೆದಿದ್ದೇನೆ ಎಂದು ಹೇಳುತ್ತಿದ್ದರು. ಅಂದಿನಿಂದ ನಾನು ಬೆಳಿಗ್ಗೆ ಹಿತ್ತಿಲು ಗುಡಿಸುವಾಗ ಎಲ್ಲಾದರೂ ಮಾವಿನ ಓಟೆ ಚಿಗುರಿದರೂ ಕಿತ್ತು ಎಸೆಯುತ್ತಿದ್ದೆ.

ತಮ್ಮ ಬಂದದ್ದು ಇಂಥ ದಿನಗಳಲ್ಲಿ. ಹೆಗಲ ಮೇಲೆ ಒಂದು ತಗಡಿನ ಪೆಟ್ಟಿಗೆ. ಮುಂಬಯಿಯ ಹೋಟೆಲು ಮುಚ್ಚಿತು, ಇನ್ನು ಊರಲ್ಲೇ ಇರುತ್ತೇನೆ ಎಂದ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಗಂಜಿ ಬಡಿಸಿದೆ. ಉಂಡು ಹಿತ್ತಿಲಿಗೆ ಹೋಗಿ ಸಾಲು ಕೋಣೆಗಳನ್ನು ನೋಡಿ ನಿಂತ. ಅಮ್ಮನ ಮರ ಎಲ್ಲಿ ಎಂದು ಕೇಳಿದ. ನಾನು ಕೊನೆಯ ಕೋಣೆಯೊಳಗೆ ಕರೆದುಕೊಂಡು ಹೋಗಿ ಮಾಡಿನತ್ತ ಕೈ ತೋರಿಸಿದೆ. ಆ ಕೋಣೆ ಎರಡು ದಿನದ ಹಿಂದೆ ಖಾಲಿಯಾಗಿತ್ತು. ಅವನು ತಲೆಯೆತ್ತಿ ಬಹಳ ಹೊತ್ತು ಪಕ್ಕಾಸುಗಳನ್ನು ನೋಡಿದ.

ಅಷ್ಟರಲ್ಲಿ ಆ ಕೋಣೆ ಕೇಳಿಕೊಂಡು ಒಬ್ಬ ಗುಮಾಸ್ತ ಬಂದ. ನಾನು ಅವನಿಗೆ ಹೌದೆನ್ನಲೂ ಆಗದೆ, ಇಲ್ಲವೆನ್ನಲೂ ಆಗದೆ ತಮ್ಮನ ಮುಖ ನೋಡಿದೆ. ಆ ನೋಟ ಅವನಿಗೆ ಅರ್ಥವಾಯಿತು. ಗುಮಾಸ್ತ ನಾಳೆ ಬರುತ್ತೇನೆಂದು ಹೋದ ಮೇಲೆ ತಮ್ಮ ಹೇಳಿದ:

"ಈ ರೂಮು ನಾನೇ ಹಿಡೀತೇನೆ ಅಕ್ಕ. ಎಲ್ಲರ ಹಾಗೆ ಬಾಡಿಗೆ ಕೊಡ್ತೇನೆ."

ಚಾವಡಿ ಖಾಲಿಯಿತ್ತು. ಅಲ್ಲಿ ಚಾಪೆ ಹಾಸಿಕೋ ಎಂದು ಹೇಳಬಹುದಿತ್ತು. ಅಥವಾ ಆ ಕೋಣೆಯನ್ನೇ ಸುಮ್ಮನೆ ಬಿಟ್ಟುಕೊಡಬಹುದಿತ್ತು. ನಾನು ಸರಿ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಸಂಬಂಧದವರ ಹತ್ತಿರವೇ ಚೀಟಿ ಮುಖ್ಯವಾಗಿ ಬೇಕಾದ್ದು ಎಂದು ಅರ್ಜಿಯವರು ಯಾವಾಗಲೋ ಹೇಳಿದ್ದು ನೆನಪಾಗಿ, ಅವರಿಂದಲೇ ಒಂದು ಚೀಟಿ ಬರೆಸಿ ತಂದು ತಮ್ಮನ ಮುಂದೆ ಇಟ್ಟೆ. ಅವನು ಓದಿದ, ರುಜು ಹಾಕಿದ, ಮಾಡು ನೋಡಿ ನಕ್ಕ. "ಅಮ್ಮನ ಮರದಡಿ ಮಲಗ್ಲಿಕ್ಕೆ ತಿಂಗಳಿಗೆ ಆರು ರೂಪಾಯಿ" ಎಂದ. ನಾನೂ ನಕ್ಕೆ. ತಮಾಷೆ ಎಂದೇ ತಿಳಿದುಕೊಂಡೆ. ಮರ ನೆಡಬಾರದೆಂದು ಉಳಿದವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದವಳು, ಅವನಿಗೆ ಮಾತ್ರ ಹೇಳಲಿಲ್ಲ. ನಾಚಿಕೆಯಾಯಿತು ಅಂತ ಕಾಣುತ್ತದೆ. ಚೀಟಿ ಬರೆಸಿಕೊಳ್ಳಲು ಆಗದ ನಾಚಿಕೆ ಅದಕ್ಕೆ ಹೇಗೆ ಆಯಿತೋ.

ಅವನಿಗೆ ಹಂಪನಕಟ್ಟೆಯ ಕಡೆ ಒಂದು ಹೋಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಕೆಲಸವಿಲ್ಲದ ದಿನ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದ. ಅವನ ಒಗ್ಗರಣೆಯ ವಾಸನೆ ನನಗೆ ಬರುತ್ತಿತ್ತು, ನನ್ನದು ಅವನಿಗೂ ಬರುತ್ತಿತ್ತೇನೋ. ಉಳ್ಳಾಲದಿಂದ ಮೀನು ಹೊತ್ತು ತರುವ ಹೆಂಗಸು ನನ್ನ ಮೆಟ್ಟಿಲ ಹತ್ತಿರ ಬುಟ್ಟಿ ಇಳಿಸಿ, ಆಮೇಲೆ ಅವನ ಜಗಲಿಗೂ ಹೋಗಬೇಕಿತ್ತು. "ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಬೂತಾಯಿ ಮಾತ್ರ ಎರಡು ಪಾಲು. ನನ್ನ ಬೆನ್ನಿಗೆ ಎಂತಕ್ಕೆ ಈ ಶಿಕ್ಷೆ?" ಎಂದು ಅವಳು ನನ್ನೆದುರೇ ಗೊಣಗಿದ್ದಳು. ಒಂದು ದಿನ ಸಾರು ಕೊಂಡುಹೋಗಿ ಕೊಡೋಣವೆಂದು ಬಟ್ಟಲಿಗೆ ಹಾಕಿ, ಹೊಸ್ತಿಲವರೆಗೆ ಹೋಗಿ, ಉಳಿದ ಒಕ್ಕಲಿನವರು ನೋಡಿ ನಮಗೂ ಸಲಿಗೆ ಬೇಕು ಎಂದಾರು ಎಂದು ತಿರುಗಿ ಬಂದೆ. ಎಲ್ಲರೂ ಬಾಡಿಗೆಯನ್ನು ಬಾವಿಕಟ್ಟೆಯ ಮೇಲೆ ಕೊಡುತ್ತಿದ್ದರು. ಅವನೂ ಅಲ್ಲಿಗೇ ತಂದುಕೊಡುತ್ತಿದ್ದ, ಒಂದು ದಿನವೂ ತಡ ಮಾಡದೆ.

ಆ ವರ್ಷ ಊರಲ್ಲೆಲ್ಲ ಒಂದೇ ಸುದ್ದಿ. ಹೊಸ ಕಾನೂನು ಬರುತ್ತದಂತೆ, ಜಾಗ ಎಲ್ಲ ಒಕ್ಕಲುಗಳಿಗೇ ಹೋಗುತ್ತದಂತೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ನಾನು ಕಿವಿಯಲ್ಲಿ ಕೇಳಿದೆನೇ ಹೊರತು ಯಾರನ್ನೂ ಸರಿಯಾಗಿ ವಿಚಾರಿಸಲಿಲ್ಲ. ಮೂರು ಕೋಣೆ ಹೋದರೆ ಗತಿಯೇನು ಎಂಬ ಭಯ ಮಾತ್ರ ಉಳಿಯಿತು.

ಮಳೆ ಹಿಡಿದ ವಾರದಲ್ಲಿ, ಒಂದು ಬೆಳಿಗ್ಗೆ ಗುಡಿಸುತ್ತಾ ಹೋಗುವಾಗ ಟೀಚರ ಬಚ್ಚಲಿನ ನೀರು ಹರಿಯುವಲ್ಲಿ ಅದು ಕಂಡಿತು. ಎರಡು ಎಲೆಯ ತೆಂಗಿನ ಸಸಿ. ಸುತ್ತ ಅಚ್ಚುಕಟ್ಟಾಗಿ ಕಟ್ಟೆ ಕಟ್ಟಿ, ಕೋಳಿ ಕೆದಕದ ಹಾಗೆ ಮುಳ್ಳು ಚುಚ್ಚಿತ್ತು. ಆ ಅಚ್ಚುಕಟ್ಟು ನೋಡಿದಾಗಲೇ ಯಾರದ್ದೆಂದು ತಿಳಿಯಿತು.

ಮೂರು ದಿನ ನೋಡಿದೆ. ದಿನಾ ಬೆಳಿಗ್ಗೆ ಅವನು ಹಲ್ಲುಜ್ಜುತ್ತಾ ಅದರ ಹತ್ತಿರ ನಿಲ್ಲುತ್ತಿದ್ದ. ನನ್ನ ಮನಸ್ಸಿನಲ್ಲಿ ಆಗ ಏನಿತ್ತು ಎಂಬುದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಮುಂಬಯಿ ನೋಡಿ ಬಂದವನು, ಕಾನೂನು ತಿಳಿದವನು, ಬೇಕೆಂದೇ ನೆಟ್ಟಿದ್ದಾನೆ ಎಂದುಕೊಂಡೆ. ನಾಲ್ಕನೆಯ ದಿನ ಅವನು ಕೆಲಸಕ್ಕೆ ಹೋದ ಮೇಲೆ, ಟೀಚರೂ ಶಾಲೆಗೆ ಹೋದ ಮೇಲೆ, ಎರಡೂ ಕೈ ಹಾಕಿ ಎಳೆದೆ. ಬೇರು ಇನ್ನೂ ನೆಲ ಹಿಡಿದಿರಲಿಲ್ಲ. ಬುಡದಲ್ಲಿ ಕಾಯಿ ಹಾಗೆಯೇ ಇತ್ತು. ಹಿಂದಿನ ಗೋಡೆಯಾಚೆ ಹರಿಯುವ ತೋಡಿಗೆ ಎಸೆದೆ.

ಸಂಜೆ ಅವನು ಕೈಕಾಲು ತೊಳೆಯದೆ ನೇರ ನನ್ನ ಹತ್ತಿರ ಬಂದ.

"ಸಸಿ ಎಲ್ಲಿ ಅಕ್ಕ?"

"ದನ ತಿಂದಿತೋ ಏನೋ. ನಾನು ನೋಡಲಿಲ್ಲ."

"ದನ ಕಾಯಿ ಸಮೇತ ತಿಂತದಾ?" ಎಂದ. ಕೋಪವಿರಲಿಲ್ಲ. ಚಿಕ್ಕವನಾಗಿದ್ದಾಗ ನಾನು ಬೆಲ್ಲ ಕದ್ದು ಸಿಕ್ಕಿಬಿದ್ದರೆ ನಗುತ್ತಿದ್ದನಲ್ಲ, ಅದೇ ಸಣ್ಣ ನಗು. ಆಗಲಾದರೂ ಹೇಳಬಹುದಿತ್ತು. ಅವನು ಹೋಗಿ ಮುಳ್ಳು ತೆಗೆದು, ಗುಂಡಿಗೆ ಮಣ್ಣು ಎಳೆದು ಕಾಲಿನಿಂದ ಒತ್ತಿ ಸಮ ಮಾಡಿದ.

ಮರುದಿನ ಬಾವಿಕಟ್ಟೆಯ ಹತ್ತಿರ, ಉಳಿದ ಒಕ್ಕಲುಗಳು ಹೇಳುವ ಹಾಗೆಯೇ ಹೇಳಿದ. ಇವತ್ತಿನಿಂದ ಒಂದು ತಿಂಗಳಿಗೆ ಕೋಣೆ ಬಿಡುತ್ತೇನೆ ಎಂದು. ನಾನು ಆಯಿತು ಎಂದೆ. ಆ ತಿಂಗಳಿಡೀ ಅವನು ಮೊದಲಿನ ಹಾಗೆಯೇ ಹೋಗಿ ಬರುತ್ತಿದ್ದ. ನಾನು ಪ್ರತಿದಿನ, ಇವತ್ತು ಬಿಡುವುದಿಲ್ಲ ಎನ್ನುತ್ತಾನೆ ಎಂದು ಕಾಯುತ್ತಿದ್ದೆ. ಕೊನೆಯ ಎರಡು ದಿನ ಕೆಲಸಕ್ಕೆ ರಜೆ ಹಾಕಿ ಕೋಣೆಗೆ ಸುಣ್ಣ ಬಳಿದ. ಒಲೆಯ ಮಸಿ ಉಜ್ಜಿ ತೆಗೆದ. ಬಾವಿಯ ಹಗ್ಗ ಸುತ್ತಿಟ್ಟು, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆ ಹೆಗಲಿಗೇರಿಸಿ ಹೋದ. ಚೀಟಿಯಲ್ಲಿ ಬರೆದದ್ದರಲ್ಲಿ ಒಂದನ್ನೂ ಅವನು ತಪ್ಪಲಿಲ್ಲ. ಅಂಥ ಒಕ್ಕಲು ನನಗೆ ಮತ್ತೆ ಸಿಗಲಿಲ್ಲ.

ಟೀಚರು ಅಂದು ಸಂಜೆ ನನ್ನ ಮೆಟ್ಟಿಲ ಮೇಲೆ ಬಂದು ಕೂತರು. ಸಸಿ ನೆಡುವ ಮೊದಲು ತಮ್ಮ ಅವರ ಅನುಮತಿ ಕೇಳಿದ್ದನಂತೆ, ಬಚ್ಚಲ ನೀರು ಅವರದ್ದಲ್ಲವೇ ಎಂದು. ಅಕ್ಕ ಅಂಗಡಿಯಿಂದ ಅರ್ಧ ಕಾಯಿ ತರುವುದು ನೋಡಲಾಗುವುದಿಲ್ಲ, ಇದು ಫಲ ಕೊಡುವಾಗ ಅವಳ ಬೆರಳು ಬೀಡಿ ಸುರುಟಲು ಬರಲಿಕ್ಕಿಲ್ಲ, ಕಾಯಿಯಾದರೂ ಕೊಳ್ಳುವುದು ಬೇಡ ಎಂದಿದ್ದನಂತೆ. ನಾನು ಮತ್ತೆ ಅದೇ ದನದ ಮಾತು ತೆಗೆದೆ. ಟೀಚರು ನನ್ನ ಮುಖ ನೋಡಲಿಲ್ಲ.

"ಇಲ್ಲಿ ದನ ಎಲ್ಲಿ ಉಂಟು? ದನ ಇದ್ದ ಜಾಗದಲ್ಲಿ ನಾನಿದ್ದೇನಲ್ಲ."

ಅರ್ಜಿಯವರ ಹತ್ತಿರ ಹೋದೆ. ಹೊಸ ಕಾನೂನು ಗದ್ದೆ ತೋಟದ್ದು, ಹಟ್ಟಿ ರೂಮಿನದ್ದಲ್ಲ ಎಂದು ಅವರು ನಕ್ಕರು. ನಿನ್ನ ತಮ್ಮನಿಗೆ ಚೀಟಿ ಇಲ್ಲದೆಯೂ ಆ ಮನೆಯಲ್ಲಿ ಜಾಗ ಉಂಟು, ಅದು ನಿಮ್ಮ ಕಟ್ಟಲೆಯೇ ಅಲ್ಲವಾ ಎಂದರು. ಹಾಗಾದರೆ ಯಾಕೆ ಬರೆದುಕೊಟ್ಟಿರಿ ಎಂದು ಕೇಳಿದೆ. ನೀನು ಬರೆಯಲು ಹೇಳಿದೆ, ಬರೆದೆ ಎಂದರು. ಅದೂ ನಿಜವೇ.

ಕೊನೆಯ ಕೋಣೆಯನ್ನು ಒಬ್ಬಿಬ್ಬರಿಗೆ ಕೊಟ್ಟು ನೋಡಿದೆ. ಯಾರೂ ಹೆಚ್ಚು ದಿನ ನಿಲ್ಲಲಿಲ್ಲ. ಆಮೇಲೆ ಕೇಳಿ ಬಂದವರಿಗೆ ಖಾಲಿಯಿಲ್ಲ ಎನ್ನತೊಡಗಿದೆ. ಮಧ್ಯಾಹ್ನ ಬೀಡಿಯ ಮೊರ ಹಿಡಿದುಕೊಂಡು ಅಲ್ಲಿ ಹೋಗಿ ಕೂರುತ್ತಿದ್ದೆ. ಅವನು ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ತಲೆಯೆತ್ತಿದರೆ ಅಮ್ಮನ ಮರ. ಹುಡುಕಿಕೊಂಡು ಹೋಗಬಾರದಿತ್ತೇ ಎಂದರೆ, ಹೋಗಬಹುದಿತ್ತು. ಹಂಪನಕಟ್ಟೆ ನಡೆದು ಹೋಗುವಷ್ಟು ದೂರ. ದಿನಾ ನಾಳೆ ಎಂದುಕೊಂಡೆ. ಕೊನೆಗೊಮ್ಮೆ ಹೋದಾಗ ಅವನು ಆ ಹೋಟೆಲು ಬಿಟ್ಟು ವರ್ಷವಾಗಿತ್ತು.

ಇನ್ನೂ ಎರಡು ಮಳೆಗಾಲ ಕಳೆಯಿತು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು. ಟೀಚರು ಯಾರದೋ ಮನೆಗೆಂದು ಆ ಕಡೆ ಹೋಗಿದ್ದವರು, ಕೂಲಿಯಾಳುಗಳಿಗೆ ಊಟ ಹಾಕುವ ಒಂದು ಚಪ್ಪರದಲ್ಲಿ ತಮ್ಮನನ್ನು ಕಂಡೆ ಎಂದು ಹೇಳಿದರು. ಮುಂದಿನ ಭಾನುವಾರ ಬಸ್ಸು ಹತ್ತಿದೆ. ಒಂದು ಸಸಿ ತೆಗೆದುಕೊಂಡು ಹೋಗಲೇ ಎಂದು ಯೋಚಿಸಿದ್ದೆ, ಕಿತ್ತವಳಿಗೆ ಅದು ಶೋಭಿಸುವುದಿಲ್ಲ ಎನಿಸಿತು. ಅವನೆದುರಿಗೆ ಹರಿಯೋಣವೆಂದು ಆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಕೂಳೂರಿನ ಸೇತುವೆ ದಾಟುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಪ್ರತಿಸಲವೂ ಅದು ಅರ್ಜಿಯ ಹಾಗೆ ಉದ್ದವಾಗುತ್ತಿತ್ತು.

ಮರಳಿನ ಮೇಲೆ ಸಾಲಾಗಿ ಮಡಲಿನ ಗುಡಿಸಲುಗಳು. ಚಪ್ಪರದ ಹೊರಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಯಾರು ಬೇಕು ಎಂದಳು. ನಾನು ಅಡುಗೆಯವನ ಅಕ್ಕ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು:

"ಅಕ್ಕ ಉಂಟು ಅಂತ ಹೇಳ್ಳೇ ಇಲ್ಲ. ಬಿಜೈಯಲ್ಲಿ ನಮ್ಮದೊಂದು ಮನೆ ಉಂಟು, ಬಾಡಿಗೆಗೆ ಕೊಟ್ಟದ್ದು, ಅದಕ್ಕೆ ನಾನಿಲ್ಲಿ ಅಂತ ಹೇಳ್ತಾರೆ."

ನಮ್ಮದೊಂದು ಮನೆ. ನಾನು ತಲೆ ಬಗ್ಗಿಸಿ ಚಪ್ಪರದೊಳಗೆ ಹೋದೆ.

ಒಳಗೆ ಅವನು ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದ, ಬೆಂಚು ಒರೆಸಿದ, ಒಂದು ಗ್ಲಾಸು ಚಹಾ ತಂದಿಟ್ಟ. ಆಮೇಲೆ ತಿರುಗಿ ಕೂತು ಚೂರಿ ಎತ್ತಿಕೊಂಡು, ಈರುಳ್ಳಿಯತ್ತ ನೋಡುತ್ತಲೇ ಕೇಳಿದ:

"ಎಂತ ಅಕ್ಕ, ರೂಮು ಖಾಲಿ ಉಂಟಾ?"

ತಮಾಷೆಗೇ ಕೇಳಿದ್ದು. ಹಿಂದಿನ ಹಾಗೆ ನಾನೂ ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸೆರಗಿನ ಗಂಟಿಗೆ ಕೈ ಹೋಯಿತು. ಕಾಗದ ಹರಿಯುವುದು ಸುಲಭ, ಅದನ್ನು ತೆಗೆಯಲಿಲ್ಲ. ಸೇತುವೆಯ ಮೇಲೆ ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

"ದನ ತಿಂದದ್ದಲ್ಲ ತಮ್ಮ. ನಾನೇ ಕಿತ್ತದ್ದು. ನಿನ್ನನ್ನು ಒಕ್ಕಲು ಅಂತ ತಿಳಿದು ಹೆದರಿದೆ. ನನ್ನದು ತಪ್ಪಾಯ್ತು."